ಕೀಮೋ ನಡೆಯುವಾಗ ಮನೆ ಊಟ: ಒಬ್ಬ ಖಾನಾವಳಿಯವನ ಅನುಭವ

ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಖಾನಾವಳಿ ಇದೆ. ಹೆಂಡತಿಗೆ ಸ್ತನ ಕ್ಯಾನ್ಸರ್ ಆಗಿ ಆಪರೇಷನ್ ಆಯಿತು. ಗಾಯ ಮಾಗಿದ ಮೇಲೆ ಕೀಮೋ ಶುರು. ಕೀಮೋ ಹಾಕಿಸುವುದಕ್ಕೆ ಬೆಂಗಳೂರು, ಉಳಿದದ್ದೆಲ್ಲ ಮನೆಯಲ್ಲಿ. ಆಸ್ಪತ್ರೆಯಲ್ಲಿ ಇರುವುದು ಕೆಲವೇ ಗಂಟೆ. ಅದರ ಸುಸ್ತು, ವಾಂತಿ, ಬಾಯಿಹುಣ್ಣು ಎಲ್ಲ ಮನೆಗೆ ಬಂದ ಮೇಲೆ. ಆ ದಿನಗಳನ್ನು ನಾವು ಹೇಗೆ ನಡೆಸಿದೆವು ಅಂತ ಬರೆಯುತ್ತಿದ್ದೇನೆ. ಮಾತ್ರೆ ವಿಷಯಕ್ಕೆ ನಿಮ್ಮ ಡಾಕ್ಟರೇ ಸರಿ. ಅಡುಗೆ ವಿಷಯ ಮಾತ್ರ ನಾನು ಸ್ವಲ್ಪ ಧೈರ್ಯವಾಗಿ ಹೇಳಬಲ್ಲೆ.

ಮೊದಲು ತಿಳಿದುಕೊಳ್ಳಬೇಕಾದದ್ದು, ಈ ತೊಂದರೆಗಳು ಯಾವಾಗ ಬೇಕಾದರೂ ಬರುವುದಿಲ್ಲ. ಅವಕ್ಕೂ ಒಂದು ವೇಳಾಪಟ್ಟಿ ಇದೆ. ಇವಳಿಗೆ 21 ದಿನಕ್ಕೊಮ್ಮೆ ಕೀಮೋ. ಮೊದಲ ಎರಡು ಮೂರು ದಿನ ಸ್ಟೆರಾಯ್ಡ್ ಮಾತ್ರೆ ಇರುತ್ತದೆ. ಆಗ ಆಳು ಚುರುಕು, ನಿದ್ದೆ ಇಲ್ಲ. ಅದು ನಿಂತ ಕೂಡಲೇ ಸುಸ್ತು ಬೀಳುತ್ತದೆ. ಸುಮಾರು 7ರಿಂದ 14ನೇ ದಿನದವರೆಗೆ ಬಿಳಿ ರಕ್ತಕಣ ತೀರಾ ಇಳಿದಿರುತ್ತದೆ. ಬಾಯಿಹುಣ್ಣು ಬರುವುದೂ ಹೆಚ್ಚಾಗಿ ಅದೇ ಹೊತ್ತಿಗೆ. ಮೂರನೇ ವಾರ ಮನುಷ್ಯ ಮತ್ತೆ ಮನುಷ್ಯನಂತಾಗುವಷ್ಟರಲ್ಲಿ ಮುಂದಿನ ಡೋಸ್. ಕೀಮೋ ಔಷಧಿ ಬೇಗ ಬೇಗ ಬೆಳೆಯುವ ಕಣಗಳನ್ನು ಹೊಡೆಯುತ್ತದೆ. ಕ್ಯಾನ್ಸರ್ ಕಣ ಹಾಗೆ ಬೆಳೆಯುತ್ತದೆ. ಬಾಯಿಯ ಒಳಪದರ, ಕರುಳು, ಕೂದಲ ಬುಡ, ಎಲುಬಿನೊಳಗೆ ರಕ್ತ ತಯಾರಾಗುವ ಮಜ್ಜೆ, ಇವೂ ಹಾಗೇ ಬೆಳೆಯುತ್ತವೆ. ಅದಕ್ಕೇ ಪೆಟ್ಟು ಎಲ್ಲದಕ್ಕೂ ಬೀಳುತ್ತದೆ.

ಇದು ತಿಳಿದ ಮೇಲೆ ಅಡುಗೆಮನೆ ಕ್ಯಾಲೆಂಡರಿನಲ್ಲಿ ಕೀಮೋ ದಿನದಿಂದ ಒಂದು, ಎರಡು, ಮೂರು ಅಂತ ಅಂಕಿ ಬರೆಯುತ್ತಾ ಹೋದೆ. ಪಕ್ಕದಲ್ಲಿ ಅವತ್ತು ಏನಾಯಿತು ಅಂತ ಎರಡೇ ಮಾತು: ‘ವಾಂತಿ ಇಲ್ಲ’, ‘ಮಲಬದ್ಧತೆ’, ‘ಗಂಟಲು ಉರಿ’. ಎರಡನೇ ಸಲದ ಹೊತ್ತಿಗೆ ಯಾವ ದಿನ ಏನು ಅಡುಗೆ ಅನ್ನುವುದು ಹೆಚ್ಚುಕಡಿಮೆ ನಿರ್ಧಾರವಾಗಿತ್ತು. ಡಾಕ್ಟರ್ ಹತ್ತಿರ ಹೋದಾಗ ‘ಹೇಗಿದ್ದೀರಿ’ ಅಂದರೆ ಇವಳು ‘ಚೆನ್ನಾಗಿದೀನಿ ಸರ್’ ಅಂದುಬಿಡುತ್ತಾಳೆ. ನಾನು ಆ ಹಾಳೆ ಮುಂದೆ ಇಡುತ್ತಿದ್ದೆ. ಅದನ್ನು ನೋಡಿಯೇ ಅವರು ಮಾತ್ರೆ ಬದಲಿಸಿದ್ದು.

ಈಗ ವಾಸನೆ ವಿಷಯ. ಖಾನಾವಳಿ ಅಂದರೆ ಒಗ್ಗರಣೆ. ಬೆಳ್ಳುಳ್ಳಿ, ಕರಿಬೇವು, ಇಂಗು ಎಣ್ಣೆಗೆ ಬಿದ್ದರೆ ಬೀದಿಯವರು ಒಳಗೆ ಬರುತ್ತಾರೆ. ಅದೇ ವಾಸನೆಗೆ ಇವಳು ಮೂಗಿಗೆ ಸೆರಗು ಇಟ್ಟುಕೊಂಡು ಮಹಡಿಗೆ ಹೋಗಿಬಿಡುತ್ತಿದ್ದಳು. “ರೀ, ಮನ್ಯಾಗ ಒಗ್ಗರಣೆ ಹಾಕಬ್ಯಾಡ್ರಿ, ಕೈ ಮುಗೀತೀನಿ” ಅಂದಳು. ಅವತ್ತಿನಿಂದ ಮನೆಯಲ್ಲಿ ಒಗ್ಗರಣೆ ಬಂದ್. ಅಡುಗೆ ಖಾನಾವಳಿಯಲ್ಲೇ ಬೇರೆ ಪಾತ್ರೆಯಲ್ಲಿ ಆಗುತ್ತಿತ್ತು. ಮುಚ್ಚಿ ತಂದು, ಇವಳ ಮುಂದೆ ತೆಗೆಯದೆ ಆಚೆ ಕೋಣೆಯಲ್ಲಿ ಬಡಿಸಿ ತಟ್ಟೆ ಮಾತ್ರ ತರುತ್ತಿದ್ದೆ. ನಾನೂ ಸ್ನಾನ ಮಾಡಿ ಬಟ್ಟೆ ಬದಲಿಸಿಯೇ ಹತ್ತಿರ ಕೂರುವುದು. ನನ್ನ ಅಂಗಿಯಲ್ಲೇ ಕರಿದ ಎಣ್ಣೆ ವಾಸನೆ ಇರುತ್ತದೆ, ನಮಗೆ ಗೊತ್ತಾಗುವುದಿಲ್ಲ ಅಷ್ಟೇ.

ಹಬೆಯಾಡುವ ಊಟ ಜಾಸ್ತಿ ವಾಸನೆ ಬಿಡುತ್ತದೆ. ಮೊದಲ ವಾರ ಅದಕ್ಕೇ ಬಿಸಿ ಆರಿದ್ದನ್ನೇ ಕೊಟ್ಟೆ. ಮೊಸರನ್ನ, ಇಡ್ಲಿ, ತೆಳ್ಳಗಿನ ರಾಗಿ ಅಂಬಲಿ, ಒಣ ಮಂಡಕ್ಕಿ. ಹಾಗಂತ ಮಾಡಿಟ್ಟು ಗಂಟೆಗಟ್ಟಲೆ ಬಿಡುವುದಲ್ಲ. ಮಾಡಿದ ಮೇಲೆ ಮುಚ್ಚಿ ಆರಿಸಿ, ಆಗಲೇ ತಿನ್ನಿಸುವುದು. ಉಳಿದರೆ ನಾನು ತಿನ್ನುವುದು. ದೊಡ್ಡ ತಟ್ಟೆ ತುಂಬ ಅನ್ನ ನೋಡಿದರೇ ಇವಳಿಗೆ ಹೊಟ್ಟೆ ತೊಳೆಸುತ್ತಿತ್ತು. ಸಣ್ಣ ಬಟ್ಟಲಲ್ಲಿ ಎರಡು ಗಂಟೆಗೊಮ್ಮೆ ನಾಲ್ಕು ತುತ್ತು, ಅಷ್ಟೇ. ವಾಂತಿ ಮಾತ್ರೆ ಊಟಕ್ಕೆ ಅರ್ಧ ಗಂಟೆ ಮುಂಚೆ. ವಾಂತಿ ಬಂದ ಮೇಲೆ ನುಂಗಿದರೆ ಅದೂ ಹೊರಗೇ ಹೋಗುತ್ತದೆ, ಅಲ್ವಾ?

‘ತಿನ್ನು, ತಿಂದರೆ ತಾನೆ ಶಕ್ತಿ’ ಅಂತ ಪಕ್ಕದಲ್ಲಿ ಕೂತು ಒತ್ತಾಯ ಮಾಡುವ ಕೆಲಸ ನಮ್ಮ ಕಡೆ ಎಲ್ಲರಿಗೂ ಬರುತ್ತದೆ. ನನಗೆ ಅದು ಸುತಾರಾಂ ಇಷ್ಟವಿಲ್ಲ. ಇಷ್ಟು ವರ್ಷ ಗಿರಾಕಿಗಳನ್ನು ನೋಡಿದ್ದೇನೆ. ಬೇಡ ಅಂದವರಿಗೆ ಬಡಿಸಿದರೆ ಎಲೆಯಲ್ಲಿ ಉಳಿಯುತ್ತದೆ, ಮರುದಿನ ಅವರು ಬರುವುದೂ ಇಲ್ಲ. ಬಟ್ಟಲು ಇಟ್ಟು ಬೇರೆ ಮಾತು ಆಡಿ. ತಿಂದರೆ ತಿಂದರು. ನೀರು ಮಾತ್ರ ಬಿಡಬಾರದು. ಎಳನೀರು, ತೆಳು ಮಜ್ಜಿಗೆ, ಗಂಜಿತಿಳಿ, ಏನಾದರೂ ಗುಟುಕು ಗುಟುಕಾಗಿ ಹೋಗುತ್ತಿರಬೇಕು. ಒಂದು ದಿನ ಪೂರ್ತಿ ನೀರೂ ನಿಲ್ಲದಿದ್ದರೆ ಕಾಯಬೇಡಿ, ಡಾಕ್ಟರಿಗೆ ಫೋನ್ ಮಾಡಿ.

ಬಾಯಿ ಕಬ್ಬಿಣ ನೆಕ್ಕಿದ ಹಾಗಾಗುತ್ತದೆ ಅಂತ ಇವಳು ಹೇಳುತ್ತಿದ್ದಳು. ಸ್ಟೀಲ್ ಚಮಚ ತೆಗೆದು ಪ್ಲಾಸ್ಟಿಕ್ ಚಮಚ, ಪಿಂಗಾಣಿ ಬಟ್ಟಲು ಕೊಟ್ಟೆ. ಸ್ವಲ್ಪ ಕಮ್ಮಿ ಆಯಿತು. ಹುಣ್ಣು ಇಲ್ಲದ ದಿನ ನಿಂಬೆ ಹಿಂಡಿದ್ದು ರುಚಿ ಹತ್ತುತ್ತಿತ್ತು. ಸಿಹಿ ಮಾತ್ರ ಯಾವತ್ತೂ ಬೇಡ ಅನ್ನುತ್ತಿದ್ದಳು. ಬೆಲ್ಲದ ಅಂಬಲಿ ಬಿಟ್ಟು ಉಪ್ಪು ಮಜ್ಜಿಗೆಯ ಅಂಬಲಿಗೆ ಬಂದೆವು.

ಬಾಯಿಹುಣ್ಣಿಗೆ ಆಸ್ಪತ್ರೆಯ ನರ್ಸ್ ಹೇಳಿಕೊಟ್ಟದ್ದು ಉಪ್ಪು ಸೋಡಾ ನೀರು. ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ. ದಿನಕ್ಕೆ ನಾಲ್ಕೈದು ಸಲ, ಊಟ ಆದ ಮೇಲೂ ಮಲಗುವ ಮುಂಚೆಯೂ ಮುಕ್ಕಳಿಸಿ ಉಗುಳುವುದು. ದಿನಾ ಹೊಸದಾಗಿ ಮಾಡಬೇಕು. ಹುಣ್ಣು ಬರುವ ತನಕ ಕಾಯದೆ ಮೊದಲ ದಿನದಿಂದಲೇ ಶುರು ಮಾಡಿದರೆ ಒಳ್ಳೆಯದು. ಬ್ರಷ್ ಮಕ್ಕಳು ಉಪಯೋಗಿಸುವ ಮೆತ್ತನೆಯದು. ಅಂಗಡಿಯ ಉರಿಯುವ ಮೌತ್‌ವಾಷ್ ಬೇಡ, ಅದರಲ್ಲಿ ಆಲ್ಕೋಹಾಲ್ ಇರಬಹುದು, ಗಾಯಕ್ಕೆ ಉರಿ ಜಾಸ್ತಿ.

ಹುಣ್ಣು ಇರುವಾಗ ಜೋಳದ ರೊಟ್ಟಿ ನೆನೆಸಿಕೊಂಡರೂ ಇವಳಿಗೆ ನೋವು. ಆಗ ಕೈ ಹಿಡಿದದ್ದು ರಾಗಿ ಮುದ್ದೆ. ಅದನ್ನು ಅಗಿಯುವಂತಿಲ್ಲ, ನುಂಗುವುದು. ಸ್ವಲ್ಪ ಮೆತ್ತಗೆ ತಿರುವಿ, ಖಾರ ಹುಳಿ ಇಲ್ಲದ ಹೆಸರುಬೇಳೆ ಸಾರಲ್ಲಿ ಬೆಣ್ಣೆ ಹಾಕಿ ಕೊಟ್ಟರೆ ಜಾರಿಕೊಂಡು ಹೋಗುತ್ತಿತ್ತು. ನಮ್ಮದು ಮೊಟ್ಟೆ ಮಾಂಸ ಇಲ್ಲದ ಮನೆ. ಪ್ರೋಟೀನ್ ಎಲ್ಲಿಂದ ಅಂತ ಡಯಟಿಷಿಯನ್ ಕೇಳಿದರು. ಅಂಬಲಿಗೆ ಹುರಿಗಡಲೆ ಹಿಟ್ಟು, ಸಾರಿಗೆ ಅರೆದ ಬೇಳೆ, ಹುರಿದ ಶೇಂಗಾ ಪುಡಿ, ಮೊಸರು, ಪನೀರ್. ಪ್ರೋಟೀನ್ ಪುಡಿ ಡಬ್ಬದ ದುಡ್ಡು ಉಳಿಯಿತು. ಮೊಟ್ಟೆ ತಿನ್ನುವವರು ಪೂರ್ತಿ ಬೇಯಿಸಿದ್ದು ತಿನ್ನಬಹುದು.

ಎರಡನೇ ವಾರದ ನಿಯಮ ಬೇರೆ. ರಕ್ತಕಣ ಇಳಿದಾಗ ಸಣ್ಣ ಸೋಂಕೂ ದೊಡ್ಡದಾಗುತ್ತದೆ. ಹಸಿ ಪದಾರ್ಥ ಬೇಡ ಅಂತ ಡಾಕ್ಟರ್ ಹೇಳಿದರು. ನಮ್ಮ ಕಡೆ ಊಟದ ಗಮ್ಮತ್ತೇ ಅದು! ರೊಟ್ಟಿ ಜೊತೆ ಹಸಿ ಮೆಂತ್ಯ ಸೊಪ್ಪು, ಮೂಲಂಗಿ, ಸೌತೆಕಾಯಿ, ಈರುಳ್ಳಿ, ಮೊಳಕೆ ಕಾಳಿನ ಕೋಸಂಬರಿ. ಎಲ್ಲ ನಿಂತಿತು. ಮೊಳಕೆ ಕಾಳು ಅಂದರೆ ಆರೋಗ್ಯ ಅಂತ ತಂದುಕೊಡುವವರು ತುಂಬ ಜನ. ಬೇಯಿಸಿ ಕೊಡಿ, ಹಸಿಯದು ಬೇಡ. ಹಣ್ಣು ಸಿಪ್ಪೆ ಸುಲಿಯುವಂಥದ್ದು: ಬಾಳೆ, ಕಿತ್ತಳೆ, ಪಪ್ಪಾಯಿ. ಅದನ್ನೂ ತೊಳೆದು ಮನೆಯಲ್ಲೇ ಕತ್ತರಿಸಿದ್ದು. ನೀರು ಕುದಿಸಿ ಆರಿಸಿದ್ದು. ಹಾಲು ಕಾಯಿಸಿ ಮನೆಯಲ್ಲೇ ಹೆಪ್ಪು ಹಾಕಿದ ಮೊಸರಿಗೆ ಡಾಕ್ಟರ್ ಒಪ್ಪಿದರು.

ಆದರೆ ದಾವಣಗೆರೆಯವಳು ಮಂಡಕ್ಕಿ ಮೆಣಸಿನಕಾಯಿ ಬಿಟ್ಟು ಎಷ್ಟು ದಿನ ಇರುತ್ತಾಳೆ? ಮೂರನೇ ವಾರ ಕೇಳಿಯೇ ಕೇಳಿದಳು. ತಳ್ಳುಗಾಡಿಯದು ಬೇಡ ಅಂದೆ. ಭಟ್ಟಿಯಿಂದ ತಂದ ಮಂಡಕ್ಕಿಯನ್ನು ಬಾಣಲೆಯಲ್ಲಿ ಬಿಸಿ ಮಾಡಿ, ಹುರಿಗಡಲೆ ಪುಡಿ, ಉಪ್ಪು, ನಿಂಬೆರಸ ಹಾಕಿ ಕಲಸಿದೆ. ಈರುಳ್ಳಿ ಬಾಡಿಸಿ ಹಾಕಿದೆ, ಮೇಲೆ ಹಸಿ ಕೊತ್ತಂಬರಿ ಇಲ್ಲ. ಖಾರವಿಲ್ಲದ ದಪ್ಪ ಮೆಣಸಿನಕಾಯಿ ಸೀಳಿ ಬೀಜ ತೆಗೆದು ಹೊಸ ಎಣ್ಣೆಯಲ್ಲಿ ಬಜ್ಜಿ. ಬೆಣ್ಣೆ ದೋಸೆಯೂ ಅಷ್ಟೇ. ಕಾವಲಿಯಿಂದ ಇಳಿದ ದೋಸೆಗೆ ಭಯವಿಲ್ಲ. ಬೆಳಿಗ್ಗೆಯಿಂದ ಹೊರಗಿಟ್ಟ ಕಾಯಿಚಟ್ನಿಗೆ ನನಗೆ ಭಯ. ಬಿಸಿ ಆಲೂಗಡ್ಡೆ ಪಲ್ಯ ಸಾಕು.

ರಕ್ತಕಣ ಇಳಿದಿರುವ ಆ ಎರಡನೇ ವಾರದಲ್ಲಿ ಜ್ವರ ಬಂದರೆ ಊಟದ ಮಾತು ಬದಿಗಿಡಿ. 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಡಿಗ್ರಿ ಸೆಲ್ಸಿಯಸ್ ದಾಟಿತೋ, ರಾತ್ರಿಯಾದರೂ ಸರಿ ಆಸ್ಪತ್ರೆಗೆ. ನಾವು ಸಾಮಾನ್ಯವಾಗಿ ಮಾಡುವುದೇನು? ಒಂದು ಪ್ಯಾರಾಸಿಟಮಾಲ್ ನುಂಗಿಸಿ ಬೆಳಿಗ್ಗೆ ನೋಡೋಣ ಅನ್ನುತ್ತೇವೆ. ಇಲ್ಲಿ ಅದು ಕೂಡದು. ಜ್ವರ ಮುಚ್ಚಿಹೋಗುತ್ತದೆ, ಒಳಗೆ ಸೋಂಕು ಬೆಳೆಯುತ್ತದೆ. ಬೆಂಗಳೂರಿಗೇ ಓಡಬೇಕಾಗಿಲ್ಲ. ಊರಲ್ಲಿ ಐಸಿಯು ಇರುವ ಆಸ್ಪತ್ರೆ ಯಾವುದು ಅಂತ ಮೊದಲೇ ನೋಡಿಟ್ಟುಕೊಳ್ಳಿ. ಕೀಮೋ ಔಷಧಿಯ ಹೆಸರು, ತಾರೀಕು ಇರುವ ಫೈಲ್ ಒಂದು ಚೀಲದಲ್ಲಿ ಸಿದ್ಧವಿರಲಿ. ಇವಳಿಗೆ ಒಂದು ರಾತ್ರಿ ಹಾಗೆ ಜ್ವರ ಏರಿತು. ಎಮರ್ಜೆನ್ಸಿ ಕೌಂಟರಿನಲ್ಲಿ ‘ಜ್ವರ’ ಅಂದರೆ ಕೂರಿಸುತ್ತಾರೆ. ‘ಕೀಮೋ ಆಗಿ ಹತ್ತನೇ ದಿನ, ಜ್ವರ’ ಅಂತ ಹೇಳಿದೆ. ತಕ್ಷಣ ರಕ್ತ ತೆಗೆದು ಆ್ಯಂಟಿಬಯೋಟಿಕ್ ಹಾಕಿದರು.

ರಕ್ತಕಣ ಏರಲು ಕೀಮೋ ಮರುದಿನ ಒಂದು ಇಂಜೆಕ್ಷನ್ ಇರುತ್ತದೆ. ಅದು ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ನಾವು ಬೆಂಗಳೂರಿಂದ ಐಸ್ ಪ್ಯಾಕ್ ಹಾಕಿದ ಡಬ್ಬಿಯಲ್ಲಿ ತಂದು, ಬಡಾವಣೆಯ ನರ್ಸಮ್ಮನ ಕೈಲಿ ಹಾಕಿಸುತ್ತಿದ್ದೆವು. ಡಬ್ಬಿಯಲ್ಲಿ ಐಸ್‌ಗೆ ನೇರ ತಾಗದ ಹಾಗೆ ಬಟ್ಟೆ ಸುತ್ತಿಡಿ, ಹೆಪ್ಪುಗಟ್ಟಿದರೆ ಔಷಧಿ ಕೆಡುತ್ತದೆ. ಅದಾದ ಮೇಲೆ ಸೊಂಟ, ಬೆನ್ನೆಲುಬು ಒಡೆದುಹೋಗುವಂತೆ ನೋವು. ಮಜ್ಜೆ ಜೋರಾಗಿ ಕೆಲಸ ಮಾಡುವುದರಿಂದ ಹಾಗೆ ಅಂತ ತಿಳಿದ ಮೇಲೆ ಇವಳ ಹೆದರಿಕೆ ಹೋಯಿತು. ಆ ನೋವಿಗೆ ಯಾವ ಮಾತ್ರೆ ಅಂತ ಡಾಕ್ಟರೇ ಬರೆದುಕೊಡುತ್ತಾರೆ. ಹಾಗೇ ಮೊದಲ ಕೆಲವು ಕೀಮೋಗಳ ಔಷಧಿ ಕೆಂಪು ಬಣ್ಣದ್ದು. ಒಂದೆರಡು ದಿನ ಮೂತ್ರ ಕೆಂಪಾಗಿ ಬರುತ್ತದೆ. ಅದು ರಕ್ತವಲ್ಲ, ಔಷಧಿಯ ಬಣ್ಣ. ಆ ಎರಡು ದಿನ ಪಾಯಿಖಾನೆಗೆ ಎರಡು ಸಲ ನೀರು ಬಿಡಿ. ವಾಂತಿ ಆದ ಬಟ್ಟೆ ಕೈಗವಸು ಹಾಕಿಕೊಂಡು ಬೇರೆ ಒಗೆಯಿರಿ.

ಮಲಬದ್ಧತೆ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ವಾಂತಿ ನಿಲ್ಲಿಸುವ ಮಾತ್ರೆಯೇ ಹೊಟ್ಟೆ ಕಟ್ಟುತ್ತದೆ. ನಾಲ್ಕು ದಿನ ಕಟ್ಟಿಕೊಂಡು ಆಮೇಲೆ ಅಳುವುದಕ್ಕಿಂತ ಕೀಮೋ ದಿನ ರಾತ್ರಿಯಿಂದಲೇ ಡಾಕ್ಟರ್ ಕೊಟ್ಟ ಸಿರಪ್ ಶುರು ಮಾಡಿ. ನೆನೆಸಿದ ಅಂಜೂರ, ಪಪ್ಪಾಯಿ, ಬಿಸಿನೀರು ಇವೂ ಸಹಾಯ. ಎನಿಮಾ ಮಾತ್ರ ಸ್ವಂತಕ್ಕೆ ಕೊಡಬೇಡಿ. ಸ್ಟೆರಾಯ್ಡ್ ಮಾತ್ರೆ ಬೆಳಿಗ್ಗೆ, ಮಧ್ಯಾಹ್ನವೇ ಮುಗಿಸಬಹುದಾ ಅಂತಲೂ ಕೇಳಿ, ರಾತ್ರಿ ನಿದ್ದೆ ಸಿಗುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಆ ದಿನಗಳಲ್ಲಿ ಶುಗರ್ ಏರುತ್ತದೆ.

ಕೂದಲು ಎರಡು ಮೂರು ವಾರಕ್ಕೆ ಉದುರತೊಡಗಿತು. ಇವಳೇ ಬೋಳಿಸಿಬಿಡಿ ಅಂದಳು. ಓಣಿಯಲ್ಲಿ ಯಾರೋ “ಮುಡಿ ಕೊಟ್ಟು ಬಂದ್ರೇನ್ರಿ?” ಅಂದರು. “ಹೂಂ” ಅಂದಳು. ಅಷ್ಟಕ್ಕೇ ಮುಗಿಯಿತು.

ನೋಡಲು ಬರುವವರು ಏನಾದರೂ ತಂದೇ ತರುತ್ತಾರೆ. ಹಸಿ ಅರಿಶಿನದ ಕಷಾಯ, ಗೋಧಿಹುಲ್ಲಿನ ರಸ, ಲಕ್ಷ್ಮಣ ಫಲ, ಯಾವುದೋ ಊರಿನ ನಾಟಿ ಔಷಧಿ. ಅವರ ಪ್ರೀತಿ ದೊಡ್ಡದು. ಆದರೆ ಕೀಮೋ ನಡೆಯುವಾಗ ಗೊತ್ತಿಲ್ಲದ ಬೇರು, ಚಕ್ಕೆ ಲಿವರಿಗೆ ಹೊರೆ, ಕೆಲವು ಔಷಧಿಯ ಕೆಲಸವನ್ನೇ ಕೆಡಿಸುತ್ತವೆ. ಸಾರಿಗೆ ಹಾಕುವ ಚಿಟಿಕೆ ಅರಿಶಿನ ಬೇರೆ, ಲೋಟದಲ್ಲಿ ಕುಡಿಯುವ ಕಷಾಯ ಬೇರೆ. “ಡಾಕ್ಟರನ್ನ ಕೇಳಿ ಕೊಡ್ತೀನಿ ಅಕ್ಕಾ” ಅಂತ ತೆಗೆದಿಡುತ್ತಿದ್ದೆ. ನೆಗಡಿ ಕೆಮ್ಮು ಇದ್ದವರನ್ನು ಮಾತ್ರ ಬಾಗಿಲಲ್ಲೇ ಮಾತಾಡಿಸಿ ಕಳಿಸಿದೆ. ಬೇಜಾರು ಮಾಡಿಕೊಂಡವರೂ ಇದ್ದಾರೆ. ಮಾಡಿಕೊಳ್ಳಲಿ.

ಸುಸ್ತಿಗೆ ಮಲಗಿಯೇ ಇರುವುದು ಔಷಧಿಯಲ್ಲ. ಸ್ವಲ್ಪ ನಡೆದರೆ ಸುಸ್ತು ಕಡಿಮೆಯಾಗುತ್ತದೆ ಅಂತ ಡಾಕ್ಟರ್ ಹೇಳಿದಾಗ ಇವಳು ನಂಬಲಿಲ್ಲ. ಮೊದಲು ಮಹಡಿಯ ಮೇಲೆ ಹತ್ತು ನಿಮಿಷ. ಮೂರನೇ ವಾರ ಕುಂದವಾಡ ಕೆರೆ ಏರಿ. ನಮ್ಮೂರ ಬೇಸಿಗೆ ಗೊತ್ತಲ್ಲ, ಬೆಳಿಗ್ಗೆ ಬಿಸಿಲು ಏರುವ ಮುಂಚೆ ಹೋಗಿ ಬಂದುಬಿಡಬೇಕು.

ಬೆಂಗಳೂರಿಗೆ ರೈಲಿನಲ್ಲಿ ಹೋಗುವವರು ಆಸ್ಪತ್ರೆಯಿಂದ ರಿಯಾಯಿತಿ ಫಾರಂ ಬರೆಸಿಕೊಳ್ಳಿ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಟಿಕೆಟ್ ದರ ಪೂರ್ತಿ ಮಾಫಿ, ಜೊತೆಗೆ ಹೋಗುವ ಒಬ್ಬರಿಗೆ 75 ಪರ್ಸೆಂಟ್ ರಿಯಾಯಿತಿ.

ಕೆಂಪು ಔಷಧಿ ಮುಗಿದು ಪ್ಯಾಕ್ಲಿಟ್ಯಾಕ್ಸೆಲ್ ಅನ್ನುವ ಇನ್ನೊಂದು ಕೀಮೋ ಔಷಧಿ ಶುರುವಾದಾಗ ವಾಂತಿ ಕಮ್ಮಿ ಆಯಿತು. ಬದಲಿಗೆ ಬೆರಳ ತುದಿಯಲ್ಲಿ, ಅಂಗಾಲಲ್ಲಿ ಜೋಮು. ಬಿಸಿ ಪಾತ್ರೆ ಮುಟ್ಟಿದರೂ ಗೊತ್ತಾಗದು. ಒಲೆ ಹತ್ತಿರ ಹೋಗಬೇಡ ಅಂದರೆ ಕೇಳುವ ಹೆಂಗಸಲ್ಲ. ಅದಕ್ಕೆ ದಪ್ಪ ಬಟ್ಟೆಯ ಹಿಡಿ ಹೊಲಿಸಿ ಒಲೆ ಪಕ್ಕ ತೂಗುಹಾಕಿದೆ. ಮನೆಯೊಳಗೂ ಹಿಂಬದಿ ಪಟ್ಟಿ ಇರುವ ಚಪ್ಪಲಿ. ಸ್ನಾನದ ನೀರು ನಾನೇ ಮುಟ್ಟಿ ನೋಡುತ್ತಿದ್ದೆ. ಜಾಕೀಟಿನ ಹುಕ್ಕು ಹಾಕಲು ಆಗುತ್ತಿಲ್ಲ ಅಂದ ದಿನವೇ ಡಾಕ್ಟರಿಗೆ ಹೇಳಿದೆವು, ಅವರು ಡೋಸ್ ಇಳಿಸಿದರು. ಇದನ್ನು ಸಹಿಸಿಕೊಂಡು ಸುಮ್ನೆ ಇರಬಾರದು. ಕೆಲವರಿಗೆ ಜೋಮು ಕೀಮೋ ಮುಗಿದ ಮೇಲೂ ತಿಂಗಳುಗಟ್ಟಲೆ ಉಳಿಯುತ್ತದೆ. ಇವಳಿಗೆ ಬಾಯಿರುಚಿ ಬೇಗ ವಾಪಸ್ ಬಂತು, ಎಣ್ಣೆಗಾಯಿಗೆ ಉಪ್ಪು ಜಾಸ್ತಿ ಅಂತ ಬೈಯುವಷ್ಟು. ಕಾಲ ಬೆರಳ ಜೋಮು ಈಗಲೂ ಸ್ವಲ್ಪ ಇದೆ. ಚಪ್ಪಲಿ ಬಿಟ್ಟಿಲ್ಲ. ರಾತ್ರಿ ಮಲಗುವ ಮುಂಚೆ ಅಂಗಾಲಲ್ಲಿ ಗಾಯ ಆಗಿದೆಯಾ ಅಂತ ಟಾರ್ಚ್ ಹಾಕಿ ನೋಡುತ್ತೇವೆ.