ಏರಿಲ್ಲದ ನಾಡಿನ ಎದುರುಗಾಳಿ

ನಾನು ಸೈಕಲ್ ಸವಾರಿಯಲ್ಲಿ ಪಳಗಿದವಳಲ್ಲ. ಹೈಸ್ಕೂಲಿನ ದಿನಗಳಲ್ಲಿ ದಾವಣಗೆರೆಯ ಅಂಗಡಿಯಿಂದ ಗಂಟೆ ಲೆಕ್ಕದ ಬಾಡಿಗೆಗೆ ತಂದ ಗಂಡಸರ ಸೈಕಲ್ಲಿನ ಅಡ್ಡಕೊಳವೆಯ ಕೆಳಗೆ ಕಾಲು ತೂರಿಸಿ ಕಲಿತದ್ದು. ಕೆಲಸಕ್ಕೆ ಸೇರಿ ಸ್ಕೂಟರ್ ಬಂದ ಮೇಲೆ ಅದೂ ಬಿಟ್ಟುಹೋಯಿತು. ಐವತ್ತೆಂಟನೆಯ ವಯಸ್ಸಿನಲ್ಲಿ, ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿರುವ ಮಗಳ ಮನೆಗೆ ಮೂರು ತಿಂಗಳ ಮಟ್ಟಿಗೆ ಹೋದೆ. ಎರಡನೆಯ ವಾರ ಮುಗಿಯುವಷ್ಟರಲ್ಲಿ ಅವಳ ಅಡುಗೆಮನೆಯ ಡಬ್ಬಗಳನ್ನೆಲ್ಲ ಎರಡೆರಡು ಸಲ ಒರೆಸಿಟ್ಟಾಗಿತ್ತು. "ಅಮ್ಮ, ಒಂದು ಸೈಕಲ್ ತೆಗೆದುಕೊಂಡು ಎಲ್ಲಿಗಾದರೂ ಹೋಗಿ ಬಾ" ಎಂದಳು. ಅವಳ ಮನಸ್ಸಿನಲ್ಲಿದ್ದದ್ದು ಮೂಲೆಯ ತರಕಾರಿ ಅಂಗಡಿ. ನಾನು ಐದು ದಿನಕ್ಕೆ ಹೊರಟೆ.

ಜೂನ್ ಮೊದಲ ವಾರದ ಬುಧವಾರದಿಂದ ಭಾನುವಾರದವರೆಗೆ, ಹೆಚ್ಚುಕಡಿಮೆ 120 ಕಿಲೋಮೀಟರ್. ಅಲ್ಲಿನ ಹುಡುಗರು ಒಂದೇ ದಿನದಲ್ಲಿ ಮುಗಿಸುವ ದೂರ ಅದು. ನನಗೆ ಐದು ದಿನವೂ ಸಾಲಲಿಲ್ಲ ಎನ್ನಿಸಿತು. ಆ ತಿಂಗಳಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ, ಹಾಗಾಗಿ ಯಾವ ಊರನ್ನೂ ಕತ್ತಲಾಗುವ ಮುಂಚೆ ಸೇರಿಕೊಳ್ಳಬೇಕೆಂಬ ಆತಂಕವಿಲ್ಲ.

ಬಾಡಿಗೆ ದಿನಕ್ಕೆ 12 ಯೂರೊ. ಕೊಟ್ಟದ್ದು ಅಲ್ಲಿಯವರು 'ಓಮಾಫೀಟ್ಸ್' ಎನ್ನುವ ಕಪ್ಪು ಸೈಕಲ್. ಅಂದರೆ ಅಜ್ಜಿ ಸೈಕಲ್. ಹೆಸರು ನನಗಾಗಿಯೇ ಇಟ್ಟಂತಿತ್ತು. ನೆಟ್ಟಗೆ ಕೂತು ಓಡಿಸುವ ಎತ್ತರದ ಹ್ಯಾಂಡಲ್. ಚೈನು ಪೂರ್ತಿ ಮುಚ್ಚಿದ ಡಬ್ಬಿಯೊಳಗೆ. ಹಿಂದಿನ ಚಕ್ರದ ಎರಡೂ ಪಕ್ಕಕ್ಕೆ, ನಮ್ಮ ಲೇಡೀಸ್ ಸೈಕಲ್ಲುಗಳಿಗೆ ಸೀರೆ ಸಿಕ್ಕದಂತೆ ಜಾಲರಿ ಹಾಕುತ್ತಾರಲ್ಲ, ಅಂಥದೇ ಹೊದಿಕೆ. ಚೂಡಿದಾರದ ದುಪಟ್ಟಾ ಒಂದು ಸಲವೂ ಸಿಕ್ಕಿಕೊಳ್ಳಲಿಲ್ಲ. ಹಿಂದಿನ ಚಕ್ರದ ಬೀಗವೂ ನಮ್ಮ ಹಳೆಯ ಸೈಕಲ್ಲುಗಳದರ ಹಾಗೆಯೇ ಇದ್ದದ್ದು ಕಂಡು ಖುಷಿಯಾಯಿತು. ಆದರೆ ಅದೊಂದೇ ಸಾಲದು, ಕಂಬಕ್ಕೋ ಸೇತುವೆಯ ಕಟಕಟೆಗೋ ಸರಪಳಿ ಸೇರಿಸಿ ಕಟ್ಟಿಯೇ ಹೋಗಬೇಕು. ಅಲ್ಲಿ ಬೇರೇನು ಕಳುವಾಗುತ್ತದೋ ಕಾಣೆ, ಸೈಕಲ್ ಮಾತ್ರ ಖಂಡಿತ ಆಗುತ್ತದೆ.

ಒಂದೇ ಒಂದು ವಿಷಯ ಅಂಗಡಿಯವನು ಹೇಳಲು ಮರೆತ: ಆ ಸೈಕಲ್ಲಿನ ಬ್ರೇಕು ಪೆಡಲಿನಲ್ಲಿದೆ. ಹಿಂದಕ್ಕೆ ತುಳಿದರೆ ಗಾಡಿ ನಿಲ್ಲುತ್ತದೆ. ನಮಗೋ, ಸೈಕಲ್ ತಾನಾಗಿ ಉರುಳುತ್ತಿದ್ದಾಗ ಸುಮ್ಮನೆ ಹಿಂದಕ್ಕೆ ತುಳಿಯುವುದು ರಕ್ತದಲ್ಲೇ ಬಂದ ಚಟ. ಮೊದಲ ಸೇತುವೆಯ ಇಳಿಜಾರಿನಲ್ಲಿ ಹಾಗೆ ಮಾಡಿದೆ. ಚಕ್ರ ಗಕ್ಕನೆ ಕಚ್ಚಿ ಹಿಡಿಯಿತು, ನಾನು ಪಕ್ಕದ ಹುಲ್ಲಿನ ಮೇಲೆ. ಹತ್ತು ವರ್ಷದ ಹುಡುಗನೊಬ್ಬ ತನ್ನ ಸೈಕಲ್ ಇಳಿದು ಬಂದು ನನ್ನದನ್ನು ಎತ್ತಿ ನಿಲ್ಲಿಸಿ, ಹ್ಯಾಂಡಲ್ ನೇರ ಮಾಡಿ ಕೊಟ್ಟು ಹೋದ. ಇದಕ್ಕಿಂತ ದೊಡ್ಡ ತೊಂದರೆ, ನಿಂತಲ್ಲಿಂದ ಹೊರಡುವಾಗ ಪೆಡಲನ್ನು ಹಿಂದಕ್ಕೆ ತಿರುಗಿಸಿ ಮೇಲೆ ತಂದುಕೊಳ್ಳಲು ಬರುವುದಿಲ್ಲ. ನಿಲ್ಲುವ ಮುಂಚೆಯೇ ಬಲಗಾಲಿನ ಪೆಡಲು ಮೇಲಿರುವ ಹಾಗೆ ನೋಡಿಕೊಂಡು ನಿಲ್ಲಬೇಕು. ಇದು ಅಭ್ಯಾಸವಾಗಲು ನನಗೆ ಪೂರಾ ಒಂದು ದಿನ ಹಿಡಿಯಿತು. ಕೈಬ್ರೇಕಿನ ಸೈಕಲ್ಲೂ ಸಿಗುತ್ತದೆ, ಕೇಳಿ ತೆಗೆದುಕೊಳ್ಳಿ.

ದಾರಿ ಹುಡುಕುವ ಕೆಲಸ ಸುಲಭ. ದೇಶದುದ್ದಕ್ಕೂ ಸೈಕಲ್ ದಾರಿಗಳು ಕೂಡುವ ಕಡೆಯಲ್ಲೆಲ್ಲ ಒಂದೊಂದು ಸಂಖ್ಯೆಯ ಫಲಕ ನೆಟ್ಟಿದ್ದಾರೆ, ಬಿಳಿ ಹಸಿರು ಬಣ್ಣದ್ದು. ಒಂದು ಸಂಖ್ಯೆಯಿಂದ ಮುಂದಿನದಕ್ಕೆ ಬಾಣದ ಗುರುತು. ಹಿಂದಿನ ರಾತ್ರಿ ಮಗಳು ಫೋನಿನಲ್ಲಿ ನೋಡಿ ಹೇಳಿದ ಸಂಖ್ಯೆಗಳನ್ನು ಒಂದು ಚೀಟಿಯ ಮೇಲೆ ದಪ್ಪಗೆ ಬರೆದು, ರಬ್ಬರ್ ಬ್ಯಾಂಡ್ ಹಾಕಿ ಹ್ಯಾಂಡಲಿಗೆ ಸಿಕ್ಕಿಸುತ್ತಿದ್ದೆ. ಊರಿನ ಹೆಸರು ಗೊತ್ತಿರಬೇಕಿಲ್ಲ, ಭಾಷೆಯೂ ಬೇಕಿಲ್ಲ. ಈ ಉಪಾಯ ಹೊಳೆದದ್ದು ಪಕ್ಕದ ಬೆಲ್ಜಿಯಂನ ಲಿಂಬರ್ಗ್ ಪ್ರಾಂತ್ಯದ ಹ್ಯೂಗೊ ಬೊಲೆನ್ ಎಂಬ ಗಣಿ ಎಂಜಿನಿಯರಿಗೆ. ನೆಲದಡಿಯ ಸುರಂಗಗಳು ಕೂಡುವಲ್ಲಿ ಹಾಕುತ್ತಿದ್ದ ಸಂಖ್ಯೆಗಳನ್ನು ಅವರು ನೆಲದ ಮೇಲಕ್ಕೆ ತಂದರು. 1995ರಲ್ಲಿ ಅಲ್ಲಿ ಮೊದಲ ಜಾಲ ಆರಂಭವಾಯಿತು. ಹಸುಗಳು ಮೇಯುವ ಬಯಲಿನಲ್ಲಿ ನಾನು ಹಿಡಿದು ಹೋಗುತ್ತಿದ್ದದ್ದು ಕಲ್ಲಿದ್ದಲು ಗಣಿಯ ಲೆಕ್ಕಾಚಾರವನ್ನು.

ರಸ್ತೆಯ ನಿಯಮಗಳಲ್ಲಿ ಮೂರನ್ನು ಮಾತ್ರ ಬಾಯಿಪಾಠ ಮಾಡಿಕೊಂಡಿದ್ದೆ. ಬಲಕ್ಕೆ ಹೋಗುವುದು, ತಿರುಗುವ ಮುಂಚೆ ಕೈ ಚಾಚುವುದು, ನೆಲದ ಮೇಲೆ ಬಿಳಿಯ ತ್ರಿಕೋನಗಳ ಸಾಲು ನಮ್ಮ ಕಡೆಗೆ ಮೊನೆ ಮಾಡಿದ್ದರೆ ನಿಂತು ಅಡ್ಡ ಬರುವವರಿಗೆ ದಾರಿ ಕೊಡುವುದು. ಅದನ್ನು ಅವರು ಶಾರ್ಕಿನ ಹಲ್ಲು ಎನ್ನುತ್ತಾರೆ. ಕೆಲವು ಬೀದಿಗಳು ಪೂರ್ತಿ ಕೆಂಪು ಡಾಂಬರಿನವು, ಅಲ್ಲಿ 'ಕಾರು ಅತಿಥಿ' ಎಂದು ಫಲಕ ಇರುತ್ತದೆ. ಅತಿಥಿಗಳು ನನ್ನ ಹಿಂದೆ ಹಾರ್ನ್ ಮಾಡದೆ ಬರುತ್ತಿದ್ದರು. ಮೊದಲ ದಿನ ನನಗೆ ನಾಚಿಕೆಯಾಗಿ ಪಕ್ಕಕ್ಕೆ ಸರಿದು ನಿಂತುಬಿಡುತ್ತಿದ್ದೆ.

ಬುಧವಾರ ಔಡೆವಾಟರ್‌ವರೆಗೆ, ಸುಮಾರು 25 ಕಿಲೋಮೀಟರ್. ಪುಟ್ಟ ಊರು. ಅಲ್ಲೊಂದು ತೂಕದ ಮನೆಯಿದೆ. ಮಾಟಗಾತಿಯೆಂಬ ಆರೋಪ ಹೊತ್ತ ಹೆಂಗಸರು ದೂರದೂರದಿಂದ ಇಲ್ಲಿಗೆ ಬಂದು ತೂಗಿಸಿಕೊಳ್ಳುತ್ತಿದ್ದರಂತೆ. ಪೊರಕೆಯ ಮೇಲೆ ಹಾರುವವಳು ಹಗುರವಾಗಿರಬೇಕಲ್ಲ? ಮೈಕಟ್ಟಿಗೆ ತಕ್ಕ ತೂಕವಿದೆ ಎಂದು ಇಲ್ಲಿ ಪ್ರಮಾಣಪತ್ರ ಸಿಕ್ಕರೆ ಜೀವ ಉಳಿಯುತ್ತಿತ್ತು. ಈಗಲೂ ಟಿಕೆಟ್ ಕೊಂಡರೆ ಅದೇ ದೊಡ್ಡ ತಕ್ಕಡಿಯಲ್ಲಿ ನಿಲ್ಲಿಸುತ್ತಾರೆ. ನಾನು ನಿಂತೆ. ತೂಕ ಧಾರಾಳವಾಗಿಯೇ ಇತ್ತು. ಮೂವತ್ತು ವರ್ಷದಿಂದ ತೂಕದ ಯಂತ್ರ ಕಂಡರೆ ಮುಖ ತಿರುಗಿಸುತ್ತಿದ್ದವಳು ಮೊದಲ ಬಾರಿಗೆ ಅದರ ಕಾಗದವನ್ನು ಮಡಚದೆ ಜೋಪಾನವಾಗಿ ತಂದಿದ್ದೇನೆ.

ಉಳಿದುಕೊಂಡದ್ದು ಹೋಟೆಲಿನಲ್ಲಲ್ಲ. 'ಫ್ರೀಂಡೆನ್ ಒಪ್ ಡೆ ಫೀಟ್ಸ್', ಅಂದರೆ ಸೈಕಲ್ ಮೇಲಿನ ಸ್ನೇಹಿತರು, ಎಂಬ ಸಂಸ್ಥೆಯಿದೆ. ವಾರ್ಷಿಕ ಸದಸ್ಯತ್ವ ಪಡೆದರೆ, ಸೈಕಲ್ಲಿನಲ್ಲಿ ಅಥವಾ ನಡೆದು ಬರುವವರಿಗೆ ತಮ್ಮ ಮನೆಯ ಕೋಣೆ ಕೊಟ್ಟು ಬೆಳಗಿನ ತಿಂಡಿಯನ್ನೂ ಕೊಡುವವರ ವಿಳಾಸಗಳು ಸಿಗುತ್ತವೆ. ಹೋಟೆಲಿಗೆ ಹೋಲಿಸಿದರೆ ಖರ್ಚು ಬಹಳ ಕಡಿಮೆ. ನನಗೆ ಜಾಗ ಕೊಟ್ಟಾಕೆಗೆ ಎಂಬತ್ತರ ಹತ್ತಿರದ ವಯಸ್ಸು. ತಿಂಡಿಗೆ ಬ್ರೆಡ್ಡಿಗೆ ಬೆಣ್ಣೆ ಸವರಿ ಅದರ ಮೇಲೆ ಚಾಕೊಲೇಟ್ ಶಾವಿಗೆಯಂಥ ಚೂರುಗಳನ್ನು ಉದುರಿಸಿ ತಿನ್ನುತ್ತಾರೆ. ಮಕ್ಕಳಲ್ಲ, ಆ ಅಜ್ಜಿಯೇ.

ನಿಮ್ಮ ಊರಿನಲ್ಲಿ ಸೈಕಲ್ಲಿಗೆ ಎಷ್ಟು ಮರ್ಯಾದೆ ಎಂದೆ. ಹಾಗಿರಲಿಲ್ಲ ಎಂದರು ಆಕೆ. ಯುದ್ಧದ ನಂತರ ಇಲ್ಲಿಯೂ ಕಾರಿಗಾಗಿಯೇ ರಸ್ತೆ ಅಗಲ ಮಾಡಿದ್ದರು. 1971ರ ಒಂದೇ ವರ್ಷ ರಸ್ತೆಯಲ್ಲಿ ಸತ್ತವರು ಸುಮಾರು 3,300 ಜನ, ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. 'ಮಕ್ಕಳ ಕೊಲೆ ನಿಲ್ಲಿಸಿ' ಎಂದು ತಾಯಂದಿರು ಬೀದಿಗಿಳಿದರು. ಆಕೆಯೂ ಕಂಕುಳಲ್ಲಿ ಮಗುವನ್ನೆತ್ತಿಕೊಂಡು ನಿಂತಿದ್ದರಂತೆ. 1973ರಲ್ಲಿ ತೈಲದ ಬಿಕ್ಕಟ್ಟು ಬಂದು ಭಾನುವಾರ ಕಾರು ಓಡಿಸುವಂತಿಲ್ಲ ಎಂದಾದಾಗ ಹೆದ್ದಾರಿಯ ಮೇಲೆ ಸೈಕಲ್ ತುಳಿದದ್ದನ್ನು ನೆನೆದು ನಕ್ಕರು. ಆಮೇಲೆ ನನ್ನ ಚೀಟಿ ನೋಡಿ ಅವರ ಹುಬ್ಬು ಮೇಲೇರಿತು. "ಪಶ್ಚಿಮಕ್ಕೆ ಹೊರಟಿದ್ದೀರಾ?" ಎಂದು ಕೇಳಿದರು. ಹೌದೆಂದೆ. "ಒಳ್ಳೆಯದಾಗಲಿ" ಎಂದಷ್ಟೇ ಹೇಳಿದರು.

ಮರುದಿನ ಗುರುವಾರ. ಆ ವಾರವನ್ನು ಆರಿಸಿದ್ದೇ ಗುರುವಾರಕ್ಕಾಗಿ, ಏಕೆಂದರೆ ಬೇಸಿಗೆಯ ತಿಂಗಳುಗಳಲ್ಲಿ ಗೌಡಾ ಊರಿನ ಚೀಸ್ ಸಂತೆ ಗುರುವಾರ ಬೆಳಿಗ್ಗೆ. ಚೀಸಿನಿಂದಾಗಿ ಜಗತ್ತಿಗೆಲ್ಲ ಗೊತ್ತಿರುವ ಹೆಸರು, ನಮ್ಮವರಿಗಂತೂ ಮನೆತನದ ಹೆಸರಿನಂತಿದೆ. ಆದರೆ ಅವರು ಅದನ್ನು ಹೇಳುವುದು ಗಂಟಲಿನ ಆಳದಿಂದ, ಹೆಚ್ಚುಕಡಿಮೆ 'ಹೌದಾ' ಎಂದು. ದಾರಿಯಲ್ಲಿ ಒಬ್ಬರು "ಹೌದಾ?" ಎಂದು ಕೈ ತೋರಿಸಿ ಕೇಳಿದರು, ನಾನು "ಹೌದು" ಎಂದೆ. ಇಬ್ಬರಿಗೂ ಅರ್ಥವಾಯಿತು.

1668ರ ತೂಕದ ಕಟ್ಟಡದ ಮುಂದೆ ಚೀಸಿನ ಹಳದಿ ಚಕ್ರಗಳನ್ನು ನೆಲದ ಮೇಲೆ ಸಾಲಾಗಿ ಜೋಡಿಸಿದ್ದರು. ರೈತ ಮತ್ತು ವ್ಯಾಪಾರಿ ಎದುರುಬದುರು ನಿಂತು, ಒಬ್ಬರ ಅಂಗೈಗೆ ಒಬ್ಬರು ಪಟಪಟನೆ ಹೊಡೆಯುತ್ತ ಬೆಲೆ ಕೂಗುತ್ತಾರೆ. ಕೊನೆಯ ಹೊಡೆತಕ್ಕೆ ವ್ಯಾಪಾರ ಕುದುರಿದಂತೆ. ನಮ್ಮ ದನದ ಜಾತ್ರೆಗಳಲ್ಲಿ ಟವೆಲಿನ ಕೆಳಗೆ ಬೆರಳು ಹಿಡಿದು ಮಾಡುವ ವ್ಯಾಪಾರ ನೆನಪಾಯಿತು. ನಮ್ಮದು ಗುಟ್ಟಿನ ವ್ಯಾಪಾರ, ಅವರದು ಡಂಗುರದ ವ್ಯಾಪಾರ. ಈಗ ಅದು ಪ್ರವಾಸಿಗರಿಗಾಗಿ ಮಾಡಿ ತೋರಿಸುವ ಆಟ ಎಂದು ಗೊತ್ತಿದ್ದರೂ ಅರ್ಧ ಗಂಟೆ ಬಾಯಿಬಿಟ್ಟು ನೋಡಿದೆ. ಸಸ್ಯಾಹಾರಿಗಳಿಗೆ ಒಂದು ಮಾತು: ಹಳ್ಳಿಯ ಸಾಂಪ್ರದಾಯಿಕ ಚೀಸಿನಲ್ಲಿ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಕೇಳಿದರೆ ಸಸ್ಯಮೂಲದ್ದೂ ಇರುತ್ತದೆ, ಕೇಳದೆ ಯಾರೂ ಹೇಳುವುದಿಲ್ಲ.

ಊಟದ ವಿಷಯ ಬಂದದ್ದರಿಂದ ಹೇಳುತ್ತೇನೆ, ಐದು ದಿನ ನನ್ನನ್ನು ಕಾಪಾಡಿದ್ದು ಮಜ್ಜಿಗೆ. ಅಲ್ಲಿ ಯಾವ ಸೂಪರ್ ಮಾರ್ಕೆಟ್ಟಿಗೆ ಹೋದರೂ 'ಕಾರ್ನೆಮೆಲ್ಕ್' ಎಂಬ ರಟ್ಟಿನ ಪೊಟ್ಟಣ ಸಿಗುತ್ತದೆ. ಹುಳಿಯಾದ, ಗಟ್ಟಿಯಾದ ಅಪ್ಪಟ ಮಜ್ಜಿಗೆ. ಬಾಟಲಿಗೆ ಅರ್ಧ ಅದು, ಅರ್ಧ ನೀರು, ಮನೆಯಿಂದ ಚಿಟಿಕೆ ಪೊಟ್ಟಣದಲ್ಲಿ ತಂದಿದ್ದ ಉಪ್ಪು ಮತ್ತು ಇಂಗು. ಕಾಲುವೆಯ ದಂಡೆಯ ಬೆಂಚಿನ ಮೇಲೆ ಕುಳಿತು ಕುಡಿದಾಗ, ಪಕ್ಕದಲ್ಲಿದ್ದ ಬಕಪಕ್ಷಿ ಕೂಡ ಇಂಗಿನ ವಾಸನೆಗೆ ಎರಡು ಹೆಜ್ಜೆ ಸರಿಯಿತು.

ಶುಕ್ರವಾರ ದೊಡ್ಡ ದಿನ, 40 ಕಿಲೋಮೀಟರ್. ಬೆಳಿಗ್ಗೆ ಗೌಡಾದಿಂದ ಹಾಸ್ಟ್ರೆಕ್ಟ್ ದಾಟಿ ವ್ಲಿಸ್ಟ್ ಎಂಬ ಸಣ್ಣ ಹೊಳೆಯ ದಂಡೆ ಹಿಡಿದೆ. ಐದು ದಿನಗಳಲ್ಲಿ ಒಂದೇ ದಾರಿಯನ್ನು ಮತ್ತೆ ತುಳಿಯುವ ಅವಕಾಶ ಸಿಕ್ಕರೆ ಇದನ್ನೇ ತುಳಿಯುತ್ತೇನೆ. ಹೊಳೆ ಎಂದರೆ ನಮ್ಮ ನಾಲೆಯಷ್ಟೇ ಅಗಲ. ದಂಡೆಯುದ್ದಕ್ಕೂ ತಲೆ ಕಡಿದ ವಿಲೋ ಮರಗಳು, ಬೋಳುಮಂಡೆಯ ಮೇಲೆ ಕಡ್ಡಿ ಸಿಕ್ಕಿಸಿದಂತೆ. ಹುಲ್ಲಿನ ಛಾವಣಿಯ ತೋಟದ ಮನೆಗಳು. ಗೇಟಿನ ಬಳಿ ಮೊಟ್ಟೆ, ಜಾಮಿನ ಬಾಟಲಿ ಇಟ್ಟು, ಪಕ್ಕದಲ್ಲಿ ದುಡ್ಡು ಹಾಕಲು ಒಂದು ಡಬ್ಬಿ. ಕಾಯುವವರಿಲ್ಲ. ಗದ್ದೆಗೂ ಗದ್ದೆಗೂ ನಡುವೆ ಬದುವಿಲ್ಲ, ನೀರಿನ ಗೆರೆಯೇ ಬದು. ಹಸು ಆಚೆ ದಾಟುವುದಿಲ್ಲ.

ಸ್ಕೋನ್‌ಹೋವನ್‌ನಲ್ಲಿ ದೋಣಿ ಲೆಕ್ ನದಿಯನ್ನು ದಾಟಿಸಿತು. ಆಚೆ ದಡದ ಏರಿಯ ಮೇಲೆ ಪಶ್ಚಿಮಕ್ಕೆ ತಿರುಗಿದ್ದೇ ತಡ, ಔಡೆವಾಟರಿನ ಅಜ್ಜಿಯ ಹುಬ್ಬು ಏಕೆ ಮೇಲೇರಿತ್ತು ಎಂದು ತಿಳಿಯಿತು. ಆ ದೇಶದಲ್ಲಿ ಗಾಳಿ ಬಹುಪಾಲು ನೈಋತ್ಯದಿಂದ ಬೀಸುತ್ತದೆ. ಏರಿ ಎಂದರೆ ನಮ್ಮ ಕೆರೆ ಏರಿಯಂತೆಯೇ ಬಯಲಿಗಿಂತ ಎತ್ತರ, ಮರೆಯಿಲ್ಲ. ಬಲಗಡೆ ನದಿ, ಎಡಗಡೆ ಕೆಳಗೆ ಮನೆಗಳ ಹೆಂಚು ನನ್ನ ಪೆಡಲಿನ ಮಟ್ಟಕ್ಕೆ. ನದಿಯ ನೀರು ಆ ಮನೆಗಳ ಅಂಗಳಕ್ಕಿಂತ ಮೇಲಿದೆ ಎಂಬುದನ್ನು ಕಣ್ಣಾರೆ ಕಂಡೆ. ಆದರೆ ಬೆರಗಾಗಲು ಉಸಿರಿರಲಿಲ್ಲ. ಆ ಸೀಮೆಯಲ್ಲಿ ಬೆಟ್ಟಗುಡ್ಡದ ಏರುದಾರಿಯಿಲ್ಲ, ಆದರೆ ಗಾಳಿಯೇ ಘಟ್ಟ. ಅಜ್ಜಿ ಸೈಕಲ್ಲಿನ ಮೇಲೆ ನೆಟ್ಟಗೆ ಕೂತ ನಾನು ಹಾಯಿಪಟ ಬಿಚ್ಚಿದ ದೋಣಿಯಾಗಿದ್ದೆ, ದಿಕ್ಕು ಮಾತ್ರ ತಿರುಗಮುರುಗ. ಎಪ್ಪತ್ತು ದಾಟಿದ ದಂಪತಿಗಳು ಬ್ಯಾಟರಿ ಸೈಕಲ್ಲಿನಲ್ಲಿ ಹರಟುತ್ತ ನನ್ನನ್ನು ದಾಟಿಹೋದರು. ಕೊನೆಗೆ ಏರಿಯಿಂದ ಇಳಿದು ಕೆಳಗಿನ ಹಳ್ಳಿ ರಸ್ತೆ ಹಿಡಿದೆ. ಮನೆ, ಬೇಲಿಗಳ ಮರೆಯಲ್ಲಿ ಗಾಳಿ ಅರ್ಧಕ್ಕರ್ಧ ಇಳಿಯಿತು.

ಗಾಳಿ ಬಂದಾಗ ತೂರಿಕೊಳ್ಳಬೇಕು ಎಂದು ಹೇಳಿಕೊಂಡೇ ಬೆಳೆದವಳು ನಾನು, ಗಾಳಿ ಯಾವ ಕಡೆಯಿಂದ ಎಂದು ಮಾತ್ರ ನೋಡಿರಲಿಲ್ಲ. ಇದೇ ಸುತ್ತನ್ನು ನೀವು ಮಾಡುವುದಾದರೆ ಸೈಕಲ್ಲನ್ನು ಈ ದಾರಿಯ ಪಶ್ಚಿಮ ತುದಿಯ ಊರಾದ ಡೆಲ್ಫ್ಟ್‌ನಲ್ಲಿ ಬಾಡಿಗೆಗೆ ಹಿಡಿದು ಉಟ್ರೆಕ್ಟ್ ಕಡೆಗೆ ಬನ್ನಿ. ಅಥವಾ ಹಿಂದಿನ ದಿನ ಹವಾಮಾನ ನೋಡಿ, ಗಾಳಿ ಹೋಗುವ ಕಡೆಯ ಊರಿಗೆ ಹೊರಡಿ.

ಕಿಂಡರ್‌ಡೈಕ್ ತಲುಪಿದಾಗ ಮೂರೂವರೆ. ಹತ್ತೊಂಬತ್ತು ಗಾಳಿಯಂತ್ರಗಳು, ಬಹುಪಾಲು 1738 ಮತ್ತು 1740ರಲ್ಲಿ ಕಟ್ಟಿದ್ದು. ಹಿಟ್ಟು ಬೀಸಲು ಅಲ್ಲ, ತಗ್ಗಿನ ನೆಲದ ನೀರೆತ್ತಿ ನದಿಗೆ ಬಿಡಲು. ಅವುಗಳಲ್ಲಿ ಈಗಲೂ ಸಂಸಾರಗಳಿವೆ; ಒಂದರ ಬಾಗಿಲ ಮುಂದೆ ಹಗ್ಗದ ಮೇಲೆ ಮಕ್ಕಳ ಕಾಲುಚೀಲಗಳು ಒಣಗುತ್ತಿದ್ದವು, ಅದೇ ಗಾಳಿಗೆ, ಬಹಳ ಬೇಗ. ನಿಂತ ರೆಕ್ಕೆಗಳಿಗೂ ಭಾಷೆಯಿದೆಯಂತೆ: ಮೇಲಿನ ರೆಕ್ಕೆ ತುದಿ ಮುಟ್ಟುವ ತುಸು ಮೊದಲೇ ನಿಂತಿದ್ದರೆ ಮನೆಯಲ್ಲಿ ಶುಭಕಾರ್ಯ, ದಾಟಿ ನಿಂತಿದ್ದರೆ ಸಾವು. ಮೂರು ದಿನ ನನ್ನನ್ನು ಹಿಂದಕ್ಕೆ ತಳ್ಳಿದ ಗಾಳಿ ಇಲ್ಲಿ ಸುಮಾರು ಮುನ್ನೂರು ವರ್ಷಗಳಿಂದ ದುಡಿಯುತ್ತಿದೆ ಎಂದು ಕಂಡ ಮೇಲೆ ಅದರ ಮೇಲಿನ ಸಿಟ್ಟು ಇಳಿಯಿತು. ಅಲ್ಲಿಂದ ರೋಟರ್‌ಡ್ಯಾಮ್‌ಗೆ ವಾಟರ್‌ಬಸ್, ಸೈಕಲ್ಲಿಗೆ ಬೇರೆ ಟಿಕೆಟ್ ಇಲ್ಲ.

ರೋಟರ್‌ಡ್ಯಾಮ್ ದೊಡ್ಡ ನಗರ, ನನ್ನ ಅಜ್ಜಿ ಸೈಕಲ್ಲಿಗೆ ಹೇಳಿಸಿದ್ದಲ್ಲ. ಶನಿವಾರ ಮಗಳು ಅಲ್ಲಿ ಬಂದು ಸೇರಿಕೊಂಡಳು. ಸ್ಕೀ ಕಾಲುವೆಯ ಪಕ್ಕ 15 ಕಿಲೋಮೀಟರ್ ತುಳಿದರೆ ಡೆಲ್ಫ್ಟ್. ಭಾನುವಾರ ವ್ಲೀಟ್ ಕಾಲುವೆಯ ಗುಂಟ ಈಶಾನ್ಯಕ್ಕೆ, ಲೈಡನ್‌ಗೆ. ಅಂದು ಮೊದಲ ಬಾರಿಗೆ ಗಾಳಿ ಬೆನ್ನಿಗಿತ್ತು. 25 ಕಿಲೋಮೀಟರ್ ಯಾವಾಗ ಮುಗಿಯಿತೋ ತಿಳಿಯಲಿಲ್ಲ. "ಅಮ್ಮ, ನಿಧಾನ" ಎಂದು ಮಗಳು ಹಿಂದಿನಿಂದ ಕೂಗಿದ್ದನ್ನು ನಾನು ಬೇಕೆಂದೇ ಕೇಳಿಸಿಕೊಳ್ಳಲಿಲ್ಲ. ಲೈಡನ್‌ನಿಂದ ರೈಲು. ಸೈಕಲ್ಲಿಗೆ ದಿನದ ಟಿಕೆಟ್ ಬೇಕು. ವಾರದ ದಿನಗಳಲ್ಲಿ ಬೆಳಿಗ್ಗೆ ಮತ್ತು ಸಂಜೆ ಕಚೇರಿ ವೇಳೆಗೆ ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ, ಭಾನುವಾರ ಆ ತೊಂದರೆಯಿಲ್ಲ.

ಉಟ್ರೆಕ್ಟ್‌ನಲ್ಲಿ ಬಾಡಿಗೆ ಅಂಗಡಿ ಮುಚ್ಚಿತ್ತು. ಹಾಗಾಗಿ ರಾತ್ರಿ ಸೈಕಲ್ಲನ್ನು ನಿಲ್ದಾಣದ ಅಡಿಯ ನಿಲುಗಡೆಯಲ್ಲಿ ಬಿಟ್ಟೆವು. ಮೊದಲ 24 ಗಂಟೆ ಅಲ್ಲಿ ಪುಕ್ಕಟೆ. ಮೂರು ಅಂತಸ್ತು, 12,500 ಸೈಕಲ್ಲುಗಳ ಜಾಗ. ಸೋಮವಾರ ಬೆಳಿಗ್ಗೆ ಒಬ್ಬಳೇ ಹೋದೆ. ಯಾವ ಅಂತಸ್ತು ಎಂದು ಬರೆದುಕೊಂಡಿರಲಿಲ್ಲ. ಎಲ್ಲವೂ ಕಪ್ಪು, ಎಲ್ಲವೂ ಅಜ್ಜಿ ಸೈಕಲ್. ಅಲ್ಲಿನವರು ಹ್ಯಾಂಡಲಿಗೆ ಪ್ಲಾಸ್ಟಿಕ್ ಹೂವಿನ ಹಾರ ಸುತ್ತಿರುವುದನ್ನು ಕಂಡು, ಇದೇನು ಆಯುಧ ಪೂಜೆ ಮುಗಿದು ಎಷ್ಟು ದಿನವಾಯಿತು ಎಂದು ಮೊದಲ ದಿನ ನಕ್ಕಿದ್ದೆ. ನಲವತ್ತು ನಿಮಿಷ ಹುಡುಕಿದ ಮೇಲೆ, ಎರಡನೆಯ ಅಂತಸ್ತಿನ ಒಂದು ಸಾಲಿನ ಕೊನೆಯಲ್ಲಿ, ರಬ್ಬರ್ ಬ್ಯಾಂಡಿನ ಕೆಳಗೆ ನನ್ನ ಚೀಟಿ ಕಂಡಿತು. ಮೂಲೆ ಮಜ್ಜಿಗೆಯಲ್ಲಿ ನೆಂದು ಒಣಗಿತ್ತು. ಲೈಡನ್‌ವರೆಗಿನ ಸಂಖ್ಯೆಗಳೆಲ್ಲ ಅದರಲ್ಲಿದ್ದವು, ಕನ್ನಡ ಅಂಕಿಯಲ್ಲಿ.