ಅಪ್ಪ ಅಮ್ಮ ಆಸ್ಟ್ರೇಲಿಯಾಗೆ ಬರ್ತಿದ್ದಾರಾ? ಚಕ್ಕುಲಿ ಡಬ್ಬಿ ವಿಷಯ ಮೊದಲೇ ಮಾತಾಡಿಕೊಳ್ಳಿ

ಟಿಕೆಟ್ ಆಯಿತು ಅಂದ ಕೂಡಲೇ ಊರಲ್ಲಿ ಬಾಣಲೆ ಒಲೆ ಏರುತ್ತದೆ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಚಟ್ನಿಪುಡಿ. ಬೇಡ ಅಂದರೆ ಕೇಳುವವರು ಯಾರು? ಕೆಜಿ ಲೆಕ್ಕ ಹಾಕಿ ಪೆಟ್ಟಿಗೆ ಕಟ್ಟುತ್ತಾರೆ. ಆದರೆ ಸಿಡ್ನಿಯಲ್ಲೋ ಮೆಲ್ಬರ್ನ್‌ನಲ್ಲೋ ಇಳಿದ ಮೇಲೆ ಬೇರೆಯದೇ ಲೆಕ್ಕ ಶುರುವಾಗುತ್ತದೆ.

ಇಲ್ಲಿ ದಂಡ ಬೀಳುವುದು ತಿಂಡಿ ಇದ್ದೂ ಇಲ್ಲ ಅಂದಿದ್ದಕ್ಕೆ. ವಿಮಾನದಲ್ಲಿ ಇನ್‌ಕಮಿಂಗ್ ಪ್ಯಾಸೆಂಜರ್ ಕಾರ್ಡ್ ಕೊಡುತ್ತಾರೆ. ಮಾಂಸ, ಹಾಲಿನ ಪದಾರ್ಥ, ಹಣ್ಣು, ತರಕಾರಿ, ಕಾಳು, ಬೀಜ, ಗಿಡಮೂಲಿಕೆ ಏನಾದರೂ ಇದೆಯಾ ಅಂತ ಅದರಲ್ಲಿ ಕೇಳಿರುತ್ತಾರೆ. ಅಮ್ಮಂದಿರು ಹೆದರಿ ಎಲ್ಲಕ್ಕೂ ‘ನೋ’ ಅಂತ ಗುರುತು ಹಾಕಿ ಸಹಿ ಮಾಡಿಬಿಡುತ್ತಾರೆ. ಆ ಸಹಿ ಕಾನೂನಿನ ಲೆಕ್ಕಕ್ಕೆ ಬರುತ್ತದೆ. ಮುಂದೆ ಎಕ್ಸ್‌ರೇ ಇದೆ, ಮೂಸುವ ನಾಯಿ ಇದೆ. ಸಿಕ್ಕಿಬಿದ್ದರೆ ದಂಡ 6,000 ಡಾಲರ್ ದಾಟಬಹುದು. ವೀಸಾ ಕೂಡ ರದ್ದಾಗಬಹುದು. ‘ಯೆಸ್’ ಅಂದು ತೋರಿಸಿದರೆ, ತಂದದ್ದು ತರಬಾರದ ವಸ್ತುವೇ ಆಗಿದ್ದರೂ ದಂಡ ಇಲ್ಲ. ಜಾಸ್ತಿ ಅಂದರೆ ಅದು ಕಸದ ಬುಟ್ಟಿಗೆ ಹೋಗುತ್ತದೆ. ಅನುಮಾನ ಇದ್ದರೆ ಯೆಸ್. ಅಷ್ಟೇ ಹೇಳಿಕೊಡಿ.

ಇಷ್ಟೊಂದು ಬಿಗಿ ಯಾಕೆ ಅಂದರೆ, ನಮ್ಮ ಹಳ್ಳಿಗಳಲ್ಲಿ ದನಕ್ಕೆ ಬರುವ ಕಾಲುಬಾಯಿ ಜ್ವರ ಈ ದೇಶದಲ್ಲಿ 1872ರ ನಂತರ ಕಾಣಿಸಿಕೊಂಡಿಲ್ಲ. ಅದರ ವೈರಸ್ ಹಾಲಿನ ಪದಾರ್ಥದಲ್ಲಿ ಬರಬಹುದು. ಹಾಗಾಗಿ ಧಾರವಾಡ ಪೇಡಾ, ಬೆಳಗಾವಿ ಕುಂದಾ, ಹಾಲಿನ ಬರ್ಫಿ ಊರಲ್ಲೇ ತಿಂದು ಬರಲಿ. ಮೈಸೂರ್ ಪಾಕ್‌ಗೆ ತುಪ್ಪ ಬಿದ್ದಿರುತ್ತದೆ, ಅದರ ತೀರ್ಮಾನ ಕೌಂಟರ್‌ನಲ್ಲಿ ನಿಂತ ಅಧಿಕಾರಿಗೆ ಬಿಟ್ಟದ್ದು.

ಎರಡನೆಯ ಭಯ ಕೂಡಿಟ್ಟ ಕಾಳು ತಿಂದು ಹಾಳು ಮಾಡುವ ಖಾಪ್ರಾ ಎಂಬ ಹುಳದ್ದು. ಎಳ್ಳಿನಷ್ಟೇ ದೊಡ್ಡದು. ಅದರ ಮರಿಹುಳ ಏನೂ ತಿನ್ನದೆ ವರ್ಷಗಟ್ಟಲೆ ಬದುಕುತ್ತದೆ. ಅದಕ್ಕೇ ಅಕ್ಕಿ, ತೊಗರಿ, ಕಡಲೆ, ಹೆಸರುಕಾಳು, ಹಸಿ ಶೇಂಗಾ, ಜೀರಿಗೆ, ಕೊತ್ತಂಬರಿ ಬೀಜ, ಒಣಮೆಣಸಿನಕಾಯಿ ಯಾವುದನ್ನೂ ಲಗೇಜಿನಲ್ಲಿ ತರುವ ಹಾಗಿಲ್ಲ. ಬ್ಯಾಡಗಿ ಮೆಣಸಿನಕಾಯಿ ಕೂಡ ಇದರಲ್ಲೇ ಬಂತು. ಮಜ್ಜಿಗೆ ಮೆಣಸಿನಕಾಯಿಯಂತೂ ಮೆಣಸಿನಕಾಯಿಯೂ ಹೌದು, ಮಜ್ಜಿಗೆಯೂ ಹೌದು, ಎರಡು ಕಡೆಯಿಂದಲೂ ಸಿಕ್ಕಿಬೀಳುತ್ತದೆ! ಅಂಗಡಿಯಲ್ಲಿ ಪ್ಯಾಕ್ ಮಾಡಿದ, ಕರಿದ ಅಥವಾ ಹುರಿದ ಕಾಳಿಗೆ ಈ ನಿಯಮ ಅಡ್ಡಬರುವುದಿಲ್ಲ. ಹುರಿದು ಪುಡಿ ಮಾಡಿದ ಫಿಲ್ಟರ್ ಕಾಫಿಗೂ ಸಾಮಾನ್ಯವಾಗಿ ತೊಂದರೆ ಇಲ್ಲ.

ಹಸಿ ಕರಿಬೇವು ಬೇಡವೇ ಬೇಡ. ಕಿತ್ತಳೆ, ನಿಂಬೆ ತೋಟ ಹಾಳು ಮಾಡುವ ರೋಗ ಹರಡುವ ಕೀಟ ಕರಿಬೇವಿನ ಮೇಲೂ ಬದುಕುತ್ತದೆ. ವೀಳ್ಯದೆಲೆ, ಹೂವು, ಹಣ್ಣು ಕೂಡ ಬೇಡ. ಬಹಳ ಜನ ಮರೆಯುವುದು ಪರ್ಸಿನೊಳಗಿನ ದೇವರ ಪ್ರಸಾದ. ಅಕ್ಷತೆ ಅಂದರೆ ಅಕ್ಕಿ ಕಾಳು ಅಲ್ವಾ! ಹೊರಡುವ ಮುಂಚೆ ತಲೆಗೆ ಹಾಕಿಸಿಕೊಂಡರೆ ಸಾಕು, ಕಟ್ಟಿಕೊಂಡು ಬರುವುದು ಬೇಡ.

ಮನೆಯಲ್ಲಿ ಮಾಡಿದ ಚಕ್ಕುಲಿ ಏನಾಗುತ್ತದೆ? ನಮ್ಮ ಮನೆಗೆ ಎರಡು ಸಲ ಬಂದಿದೆ, ಎರಡು ಸಲವೂ ಡಿಕ್ಲೇರ್ ಮಾಡಿಯೇ. ಆದರೆ ಗ್ಯಾರಂಟಿ ಅನ್ನಲಾರೆ. ಬೆಣ್ಣೆ ಹಾಕಿದ್ದರೆ ಇನ್ನೂ ಅನುಮಾನ. ಮನೆಯ ಡಬ್ಬಿಯಲ್ಲಿ ಏನೇನು ಬಿದ್ದಿದೆ ಅಂತ ಅಧಿಕಾರಿಗೆ ಹೇಗೆ ಗೊತ್ತಾಗಬೇಕು? ಇಂಗ್ಲಿಷಿನಲ್ಲಿ ಸಾಮಗ್ರಿ ಪಟ್ಟಿ ಅಚ್ಚಾದ, ಸೀಲ್ ಒಡೆಯದ ಅಂಗಡಿ ಪ್ಯಾಕೆಟ್ ಆದರೆ ಕೆಲಸ ಸುಲಭ.

ನಾನು ಮಾಡುವ ಉಪಾಯ ಹೇಳುತ್ತೇನೆ. ತಿಂಡಿಯನ್ನೆಲ್ಲ ಒಂದೇ ಚೀಲದಲ್ಲಿ ಹಾಕಿ ಪೆಟ್ಟಿಗೆಯ ಮೇಲ್ಭಾಗದಲ್ಲೇ ಇಡಿಸುತ್ತೇನೆ. ಸೀರೆ ಮಡಿಕೆಯೊಳಗೆ ಪೊಟ್ಟಣ ಸೇರಿಸುವ ಅಭ್ಯಾಸ ಬಿಡಿಸಲು ಮಾತ್ರ ಮೂರು ಫೋನ್ ಕರೆ ಬೇಕಾಯಿತು. ಜೊತೆಗೆ ಒಂದು ಹಾಳೆಯಲ್ಲಿ ಪ್ರತಿ ತಿಂಡಿಯ ವಿವರ ಇಂಗ್ಲಿಷಿನಲ್ಲಿ ಬರೆದು ಅಮ್ಮನ ಪಾಸ್‌ಪೋರ್ಟ್ ಒಳಗೆ ಇಡಿಸುತ್ತೇನೆ. ಚಕ್ಕುಲಿ: ಅಕ್ಕಿಹಿಟ್ಟು, ಉದ್ದಿನಹಿಟ್ಟು, ಎಣ್ಣೆಯಲ್ಲಿ ಕರಿದದ್ದು, ಹಾಲು ಇಲ್ಲ. ಹೀಗೆ. ಭಾಷೆ ಬರದಿದ್ದರೆ ಆ ಹಾಳೆ ತೋರಿಸಿದರಾಯಿತು. ಅನುಮಾನದ ವಸ್ತು ಇದ್ದರೆ, ಏನು ತರಬಹುದು ಏನು ತರಬಾರದು ಅಂತ ತಿಳಿಸುವ ಆಸ್ಟ್ರೇಲಿಯಾ ಸರ್ಕಾರದ ಬೈಕಾನ್ (BICON) ಜಾಲತಾಣದಲ್ಲಿ ಮೊದಲೇ ಹುಡುಕಿ. ನಿಯಮ ಬದಲಾಗುತ್ತಿರುತ್ತದೆ, ಹೋದ ವರ್ಷ ಬಿಟ್ಟರು ಅಂತ ಈ ವರ್ಷ ಬಿಡಬೇಕಿಲ್ಲ.

ವಿಮಾನದಲ್ಲಿ ಕೊಟ್ಟ ಸೇಬು, ಮೊಸರಿನ ಕಪ್ಪು ಅಲ್ಲೇ ಬಿಟ್ಟು ಇಳಿಯಲಿ. ತೋಟಕ್ಕೆ ಹಾಕಿಕೊಂಡು ಹೋದ ಚಪ್ಪಲಿಯಲ್ಲಿ ಮಣ್ಣಿದ್ದರೆ ತೊಳೆದುಕೊಂಡು ಬರಲಿ. 30 ದಿನದೊಳಗೆ ತೋಟ, ದನದ ಕೊಟ್ಟಿಗೆಗೆ ಹೋಗಿದ್ದರೆ ಕಾರ್ಡ್‌ನಲ್ಲಿ ಅದಕ್ಕೂ ಯೆಸ್.

ಇನ್ನು ಬೇಳೆ, ಜೀರಿಗೆ, ಒಣಮೆಣಸಿನಕಾಯಿ ಸಿಡ್ನಿಯ ಹ್ಯಾರಿಸ್ ಪಾರ್ಕ್‌ನಲ್ಲೂ ಮೆಲ್ಬರ್ನ್‌ನ ಡ್ಯಾಂಡೆನಾಂಗ್‌ನಲ್ಲೂ ಸಿಗುತ್ತವೆ ಅಂತ ಅಮ್ಮನಿಗೆ ಹೇಳಿ. ನಂಬುವುದಿಲ್ಲ. ವಿಡಿಯೊ ಕಾಲ್ ಮಾಡಿ ಅಂಗಡಿಯನ್ನೇ ತೋರಿಸಿ.