ಬೇಸಿಕ್‌ನಲ್ಲಿ ದಶಮಾನದಿಂದ ಬೈನರಿಗೆ

ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಒಂದು ರೂಪವಾದ ಕ್ಯೂಬೇಸಿಕ್‌ನಲ್ಲಿ ಹದಿನಾರರ ಮತ್ತು ಎಂಟರ ಪದ್ಧತಿಗೆ ಬದಲಿಸಲು ಹೆಕ್ಸ್$, ಆಕ್ಟ್$ ಎಂಬ ಸಿದ್ಧ ಫಂಕ್ಷನ್‌ಗಳಿವೆ. ಬೈನರಿಗೆ, ಅಂದರೆ 0 ಮತ್ತು 1 ಅಷ್ಟೇ ಇರುವ ಎರಡರ ಪದ್ಧತಿಗೆ ಮಾತ್ರ ಅಂಥದ್ದಿಲ್ಲ. ನಾವೇ ಬರೆದುಕೊಳ್ಳಬೇಕು.

ಮೊದಲು ಕಾಗದದ ಮೇಲೆ 25 ತೆಗೆದುಕೊಳ್ಳಿ. ಎರಡರಿಂದ ಭಾಗಿಸಿದರೆ 12, ಶೇಷ 1. ಮುಂದೆ 6, ಶೇಷ 0. ಆಮೇಲೆ 3, ಶೇಷ 0. ನಂತರ 1, ಶೇಷ 1. ಕೊನೆಗೆ 0, ಶೇಷ 1. ಶೇಷಗಳನ್ನು ಕೆಳಗಿನಿಂದ ಮೇಲಕ್ಕೆ ಓದಿದರೆ 11001. ಸರಿ ಇದೆಯಾ ಅಂತ ನೋಡಲು 1 ಇರುವ ಸ್ಥಾನಗಳ ಬೆಲೆಯಾದ 16, 8, 1 ಕೂಡಿಸಿ. 25 ಬಂತು ಅಲ್ವಾ?

ಇದೇ ಲೆಕ್ಕ ಪ್ರೋಗ್ರಾಮಿನಲ್ಲಿ ಹೀಗಿರುತ್ತದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ:

ಇನ್‌ಪುಟ್ ಎನ್&
ಬಿ$ = ""
ಡೂ
ಆರ್ = ಎನ್& ಮಾಡ್ 2
ಬಿ$ = ಎಲ್‌ಟ್ರಿಮ್$(ಎಸ್‌ಟಿಆರ್$(ಆರ್)) + ಬಿ$
ಎನ್& = ಎನ್& \ 2
ಲೂಪ್ ಅಂಟಿಲ್ ಎನ್& = 0
ಪ್ರಿಂಟ್ ಬಿ$

ನಾಲ್ಕನೇ ಸಾಲಿನ ಮಾಡ್ ಎಂಬುದು ಭಾಗಿಸಿದಾಗ ಉಳಿಯುವ ಶೇಷವನ್ನು ಕೊಡುತ್ತದೆ. ಜೀವಾಳ ಇರುವುದು ಐದನೇ ಸಾಲಿನಲ್ಲಿ. ಹೊಸ ಶೇಷ ಹಳೆಯದರ ಎಡಕ್ಕೆ ಸೇರುತ್ತದೆ. ಹಾಗಾಗಿ ಕೊನೆಯಲ್ಲಿ ತಿರುಗಿಸಿ ಬರೆಯುವ ಕೆಲಸವೇ ಉಳಿಯುವುದಿಲ್ಲ. ಇದಕ್ಕೆ ಅರೇ (ಮೌಲ್ಯಗಳ ಪಟ್ಟಿ) ಕಟ್ಟಿ, ಹಿಂದಿನಿಂದ ಪ್ರಿಂಟ್ ಮಾಡುವವರೂ ಇದ್ದಾರೆ. ಸುಮ್ನೆ ಜಾಸ್ತಿ ಕೆಲಸ. ಬಿ$ ಅನ್ನು ಎಡಕ್ಕೆ, ಶೇಷವನ್ನು ಬಲಕ್ಕೆ ಬರೆದರೆ 25ಕ್ಕೆ 10011 ಬರುತ್ತದೆ, ಅಂದರೆ 19.

ಎಲ್‌ಟ್ರಿಮ್$ ಯಾಕೆ? ಎಸ್‌ಟಿಆರ್$ ಸಂಖ್ಯೆಯನ್ನು ಅಕ್ಷರಗಳ ಸಾಲಾಗಿ ಬದಲಿಸುವಾಗ ಸೊನ್ನೆ ಅಥವಾ ಧನ ಸಂಖ್ಯೆಯ ಮುಂದೆ ಒಂದು ಖಾಲಿ ಜಾಗ ಬಿಡುತ್ತದೆ. ಅದನ್ನು ಕತ್ತರಿಸದಿದ್ದರೆ ಅಂಕಿಗಳು ಬಿಡಿಬಿಡಿಯಾಗಿ ಕಾಣುತ್ತವೆ.

ಆರನೇ ಸಾಲಿನ ಗೆರೆ ಹಿಂದಕ್ಕೆ ವಾಲಿರುವುದನ್ನು ಗಮನಿಸಿ. \ ಹಾಕಿದರೆ ಪೂರ್ಣಾಂಕ ಭಾಗಾಕಾರ. ಅಭ್ಯಾಸದ ಮೇಲೆ / ಹಾಕಿದರೆ 3ರ ಅರ್ಧ 1.5 ಆಗಿ, ಎನ್& ಒಳಗೆ ಹೋಗುವಾಗ 2 ಎಂದು ದುಂಡಾಗುತ್ತದೆ. ಎರರ್ ಏನೂ ಬರುವುದಿಲ್ಲ, ಉತ್ತರ ಮಾತ್ರ ತಪ್ಪು. ಹುಡುಕುವುದು ಕಷ್ಟ. ಇನ್ನು & ಇರುವುದು ದೊಡ್ಡ ಸಂಖ್ಯೆಗೆ, 2147483647ರವರೆಗೂ ನಡೆಯುತ್ತದೆ. % ಹಾಕಿದ್ದರೆ 32767ಕ್ಕೇ ನಿಲ್ಲುತ್ತಿತ್ತು.

ಷರತ್ತನ್ನು ಲೂಪಿನ ಕೊನೆಯಲ್ಲಿ ಇಟ್ಟಿರುವುದು ಸೊನ್ನೆಗಾಗಿ. ಮೊದಲೇ ಪರೀಕ್ಷಿಸುವ ವೈಲ್ ಬಳಸಿದರೆ 0 ಕೊಟ್ಟಾಗ ಲೂಪಿನ ಒಳಗೇ ಹೋಗುವುದಿಲ್ಲ, ಪರದೆ ಮೇಲೆ ಖಾಲಿ ಸಾಲು ಬರುತ್ತದೆ.

ರನ್ ಮಾಡಿ 0, 1, 25, 255 ಕೊಟ್ಟು ನೋಡಿ. ಕೊನೆಯದಕ್ಕೆ ಎಂಟು ಒಂದುಗಳು ಬರಬೇಕು. 255ರವರೆಗಿನ ಎಲ್ಲ ಉತ್ತರವೂ ಎಂಟು ಅಂಕಿಯಲ್ಲೇ ಬೇಕೆಂದರೆ ಕೊನೆಯ ಸಾಲನ್ನು ಹೀಗೆ ಬದಲಿಸಿ:

ಪ್ರಿಂಟ್ ರೈಟ್$("00000000" + ಬಿ$, 8)

ಈಗ 25 ಕೊಟ್ಟರೆ 00011001 ಬರುತ್ತದೆ.